ಕಾಲಾ ಘೋಡಾ: ಊರು ಬಿಟ್ಟು ಬಂದವರ ಬೀದಿ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಚಳಿಗಾಲದ ಒಂದು ದಿನದ ಪ್ರವಾಸದ ಮಾತು ಬಂತು. ಒಬ್ಬರು ಟಿಟ್ವಾಲಾದ ಗಣಪತಿ ಎಂದರು. ಇನ್ನೊಬ್ಬರು ಮಕ್ಕಳಿಗೆ ನೀರಾಟದ ಜಾಗವೇ ಆಗಬೇಕು ಎಂದರು. ನಾನು ಮೆಲ್ಲಗೆ 'ಕಾಲಾ ಘೋಡಾ' ಎಂದೆ. ಸಭೆಯಲ್ಲಿ ನಗೆ ಎದ್ದಿತು. 'ಕೋಟೆಗೆ ದಿನಾ ಹೋಗಿ ಸಾಯುವುದು ಇದ್ದೇ ಇದೆಯಲ್ಲ ಮಾರಾಯರೇ, ರಜೆಯ ದಿನವೂ ಅದೇ ಲೋಕಲ್ ಗಾಡಿ ಹತ್ತಬೇಕೇ?' ಎಂದು ಹಿರಿಯ ಸದಸ್ಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಆದರೆ ಕೋಟೆಗೆ ದಿನಾ ಹೋಗುವ ನಾವು ಅಲ್ಲಿ ನೋಡಿದ್ದೇನು ಎಂಬುದು ನನ್ನ ಮರುಪ್ರಶ್ನೆಯಾಗಿತ್ತು. ಉತ್ತರವನ್ನು ಬರೆದೇ ಕೊಡಿ ಎಂದು ಸಂಪಾದಕರು ಆಜ್ಞಾಪಿಸಿದ್ದರಿಂದ ಈ ಲೇಖನ.

ಮೊದಲೇ ಹೇಳಿಬಿಡುತ್ತೇನೆ, ನಾನು ಇತಿಹಾಸಕಾರನಲ್ಲ. ಬಿ.ಎಸ್‌ಸಿ. ಮುಗಿಸಿ, ಕೇಂದ್ರ ಸರಕಾರದ ಒಂದು ಕಚೇರಿಯಲ್ಲಿ ಕಡತಗಳ ನಡುವೆ ವಯಸ್ಸು ಕಳೆಯುತ್ತಿರುವ ಗುಮಾಸ್ತ. ಕಚೇರಿಯಿಂದ ಕಾಲಾ ಘೋಡಾಕ್ಕೆ ಹತ್ತು ನಿಮಿಷದ ನಡಿಗೆ. ಹದಿನೇಳು ವರ್ಷ ಆ ದಾರಿಯಲ್ಲಿ ಡಬ್ಬಿಯ ಚೀಲ ಹಿಡಿದು ಓಡಾಡಿದ್ದೇನೆ. ಒಂದು ಕಟ್ಟಡದ ಒಳಗೂ ಕಾಲಿಟ್ಟಿರಲಿಲ್ಲ. ಕಾಲಿಡುವಂತೆ ಮಾಡಿದವಳು ಮಗಳು. ಶಾಲೆಯ ಕೆಲಸಕ್ಕೆಂದು ಇಂಗ್ಲಿಷ್ ಅಕ್ಷರಗಳಲ್ಲಿ ಆ ಹೆಸರನ್ನು ಓದಿ, 'ಅಪ್ಪಾ, ಇದು ಕಲಾ ಘೋಡಾವೋ ಕಾಲಾ ಘೋಡಾವೋ? ಅಲ್ಲಿ ಚಿತ್ರಗಳಿವೆಯಂತಲ್ಲ, ಹಾಗಾಗಿ ಕಲೆಯ ಕುದುರೆ ಅಂತಲಾ?' ಎಂದು ಕೇಳಿದಳು. ಇಂಗ್ಲಿಷ್ ಅಕ್ಷರಕ್ಕೆ ಹ್ರಸ್ವ ದೀರ್ಘದ ಹಂಗಿಲ್ಲ. ನಿಜವಾದ ಅರ್ಥ ಕಪ್ಪು ಕುದುರೆ. ಆ ಕುದುರೆಯಿಂದಲೇ ಕತೆ ಆರಂಭಿಸೋಣ.

ಕುದುರೆ ಬಂತು, ಕುದುರೆ ಹೋಯಿತು

1875ರಲ್ಲಿ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಮುಂಬಯಿಗೆ ಬಂದಿದ್ದ. ಮುಂದೆ ಏಳನೆಯ ಎಡ್ವರ್ಡ್ ಎಂಬ ಹೆಸರಿನಿಂದ ಅರಸನಾದವನು ಈತನೇ. ಆ ಭೇಟಿಯ ನೆನಪಿಗಾಗಿ ನಗರದ ಶ್ರೀಮಂತ ವ್ಯಾಪಾರಿ ಆಲ್ಬರ್ಟ್ ಸಸೂನ್ ಒಂದು ಕಂಚಿನ ಪ್ರತಿಮೆ ಮಾಡಿಸಿಕೊಟ್ಟ. ಕುದುರೆಯ ಮೇಲೆ ಕುಳಿತ ಯುವರಾಜ. ಶಿಲ್ಪಿ ಜೋಸೆಫ್ ಎಡ್ಗರ್ ಬೋಹ್ಮ್, ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದವನು. 1879ರಲ್ಲಿ ಪ್ರತಿಮೆಯ ಅನಾವರಣವಾಯಿತು. ಜನರು ಸವಾರನ ಹೆಸರನ್ನು ಗೊಡವೆಗೇ ಹಚ್ಚಿಕೊಳ್ಳಲಿಲ್ಲ. ಅವರಿಗೆ ಕಂಡದ್ದು ಕುದುರೆ, ಅದರ ಬಣ್ಣ ಕಪ್ಪು. ಅರಸನಿಗಾಗಿ ನಿಲ್ಲಿಸಿದ ಪ್ರತಿಮೆಯಲ್ಲಿ ಅರಸನನ್ನು ಬಿಟ್ಟು ಕುದುರೆಗೆ ಹೆಸರಿಟ್ಟ ಈ ಊರಿನ ಸಾಮಾನ್ಯ ಜನರ ಬುದ್ಧಿಗೆ ತಲೆದೂಗಬೇಕು.

ಸ್ವಾತಂತ್ರ್ಯ ಬಂದ ಮೇಲೆ ಪರದೇಶಿ ಅರಸರ ಪ್ರತಿಮೆಗಳು ನಮ್ಮ ಬೀದಿಗಳಲ್ಲಿ ಬೇಡವೆಂಬ ಕೂಗೆದ್ದಿತು. 1965ರಲ್ಲಿ ಕಪ್ಪು ಕುದುರೆಯನ್ನು ಅಲ್ಲಿಂದ ಎಬ್ಬಿಸಿ ಬೈಕಳಾದ ಉದ್ಯಾನಕ್ಕೆ, ಅಂದರೆ ಜನರ ಬಾಯಲ್ಲಿ ರಾಣೀಬಾಗ್ ಆಗಿರುವ ಜಾಗಕ್ಕೆ, ಸಾಗಿಸಿದರು. ಇಂದಿಗೂ ಅದು ಅಲ್ಲಿದೆ. ಕುದುರೆ ಹೋದರೂ ಹೆಸರು ಹೋಗಲಿಲ್ಲ. ಟ್ಯಾಕ್ಸಿಯವರು, ಬಸ್ ಕಂಡಕ್ಟರರು, ಅಂಚೆಯವರು ಎಲ್ಲರೂ ಇಲ್ಲದ ಕುದುರೆಯ ಹೆಸರಿನಿಂದಲೇ ಆ ಚೌಕವನ್ನು ಕರೆಯುತ್ತ ಬಂದರು.

ಇದರಲ್ಲಿ ನಮ್ಮ ಮನೆಯ ಒಂದು ಕತೆಯೂ ಸೇರಿಕೊಂಡಿದೆ. ನನ್ನ ತಂದೆ ಕುಂದಾಪುರದ ಕಡೆಯವರು. 1968ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಊರಿನವರೊಬ್ಬರ ಕೈಹಿಡಿದು ಮುಂಬಯಿಗೆ ಬಂದು ಕೋಟೆಯ ಒಂದು ಉಡುಪಿ ಹೋಟೆಲಿನಲ್ಲಿ ಕೆಲಸಕ್ಕೆ ನಿಂತರು. ಎರಡನೆಯ ದಿನವೇ ಗಲ್ಲಾದ ಮೇಲಿದ್ದವರು ಚಹದ ಕೆಟಲು ಕೊಟ್ಟು, 'ಕಾಲಾ ಘೋಡಾದ ಹತ್ತಿರದ ಆಫೀಸಿಗೆ ಕೊಟ್ಟು ಬಾ' ಎಂದು ಕಳಿಸಿದರು. ಹುಡುಗ ಕುದುರೆಯನ್ನು ಹುಡುಕುತ್ತ ಹೋದ. ಆ ರಸ್ತೆ ಈ ರಸ್ತೆ ಸುತ್ತಿದ. ಕುದುರೆ ಕಾಣಲಿಲ್ಲ, ಚಹ ತಣಿಯಿತು. ಮರಳಿ ಬಂದಾಗ ಬೈಗುಳ ಬಿಸಿಬಿಸಿಯಾಗಿಯೇ ಸಿಕ್ಕಿತು. ಮೂರು ವರ್ಷದ ಹಿಂದೆಯೇ ಕುದುರೆಯನ್ನು ಸಾಗಿಸಿದ್ದಾರೆಂದು ಆ ಹುಡುಗನಿಗೆ ಹೇಳುವವರು ಯಾರಿದ್ದರು? ಈ ಕತೆಯನ್ನು ಅಪ್ಪ ನೂರು ಸಲ ಹೇಳಿ ನಗುತ್ತಿದ್ದರು. ನಾನು ಕೂಡ ನಗುತ್ತಿದ್ದೆ. ಹದಿನಾಲ್ಕು ವರ್ಷದ ಹುಡುಗನೊಬ್ಬ ಪರಭಾಷೆಯ ಊರಿನಲ್ಲಿ ಬಿಸಿ ಕೆಟಲು ಹಿಡಿದು ಅಲೆದಾಡುವ ಚಿತ್ರ ಕಣ್ಣಿಗೆ ಕಟ್ಟಿದ್ದು ನನಗೂ ಒಬ್ಬ ಮಗಳಾದ ಮೇಲೆ.

ಗೋಡೆ ಬಿದ್ದು ಬೀದಿ ಎದ್ದದ್ದು

ನಾವು 'ಕೋಟೆ' ಎಂದು ಕರೆಯುವ ಭಾಗದ ಸುತ್ತ ನಿಜವಾಗಿಯೂ ಕೋಟೆಯ ಗೋಡೆಗಳಿದ್ದವು. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರಿಯರ್‌ನ ಕಾಲದಲ್ಲಿ ಅವನ್ನು ಕೆಡವಿದರು. ಗೋಡೆಯಿದ್ದ ಕಡೆಯ ರಸ್ತೆಗೆ ರಾಂಪಾರ್ಟ್ ರೋ ಎಂಬ ಹೆಸರು ಬಂತು. ಇಂದು ಅದು ಕೆ. ದುಬಾಷ್ ಮಾರ್ಗ. ಗೋಡೆಯ ಹೊರಗಿದ್ದ ಬಯಲಿನಲ್ಲಿ ಎಸ್ಪ್ಲನೇಡ್ ರಸ್ತೆ ಹರಿಯಿತು. ಅದು ಇಂದಿನ ಮಹಾತ್ಮಾ ಗಾಂಧಿ ರಸ್ತೆ. ಈ ಎರಡು ರಸ್ತೆ ಸೇರುವ ಕಡೆಯೇ ಕಾಲಾ ಘೋಡಾ.

ಗೋಡೆ ಕೆಡವಿ ಹೊಸ ನಗರ ಕಟ್ಟಲು ದುಡ್ಡು ಎಲ್ಲಿಂದ ಬಂತು? ಬಹುಪಾಲು ಹತ್ತಿಯಿಂದ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಸಿಗದಂತಾಯಿತು. ಗಿರಣಿಗಳು ಮುಂಬಯಿಯತ್ತ ಕೈಚಾಚಿದವು, ಬೆಲೆ ಆಕಾಶಕ್ಕೇರಿತು. ಇಲ್ಲಿ ನಮ್ಮ ನಾಡಿನ ಪಾಲೂ ಇದೆ. ಧಾರವಾಡ ಜಿಲ್ಲೆಯ ಕರಿನೆಲದಲ್ಲಿ ಅಮೆರಿಕದ ತಳಿಯ ಹತ್ತಿಯನ್ನು ಆಗಲೇ ಬೆಳೆಯುತ್ತಿದ್ದರು. 'ಧಾರವಾಡ ಅಮೆರಿಕನ್' ಎಂಬ ಹೆಸರಿನಿಂದಲೇ ಅದಕ್ಕೆ ಪೇಟೆಯಿತ್ತು. ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಆಸೆಯಿಂದಲೇ ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಮುಂಬಯಿಯ ಗೋಪುರಗಳನ್ನು ಕತ್ತೆತ್ತಿ ನೋಡುವಾಗ ಹುಬ್ಬಳ್ಳಿ, ಗದಗುಗಳ ಹೊಲಗಳಲ್ಲಿ ಹತ್ತಿ ಬಿಡಿಸಿದ ಕೈಗಳನ್ನೂ ನೆನೆಯುವುದರಲ್ಲಿ ತಪ್ಪಿಲ್ಲ.

ಇನ್ನೊಂದು ಬಗೆಯ ದುಡ್ಡೂ ಇತ್ತು. ಚೀನಕ್ಕೆ ಅಫೀಮು ಸಾಗಿಸಿ ಬಂದ ಲಾಭ. ಆಗಿನ ಅನೇಕ ದೊಡ್ಡ ಮನೆತನಗಳಂತೆ ಸಸೂನರ ಸಂಪತ್ತಿನಲ್ಲೂ ಅದರ ಪಾಲು ದೊಡ್ಡದು. ದಾನದ ಫಲಕಗಳಲ್ಲಿ ಇದನ್ನು ಕೆತ್ತಿಲ್ಲ. ಮಕ್ಕಳನ್ನು ಕರೆದುಕೊಂಡು ಹೋಗುವಾಗ ಚೆಲುವನ್ನೂ ತೋರಿಸೋಣ, ಅದರ ಹಿಂದಿನ ಲೆಕ್ಕವನ್ನೂ ಮುಚ್ಚಿಡುವುದು ಬೇಡ.

ಕೆಲಸಗಾರರು ಬೇಡಿ ಪಡೆದ ಗ್ರಂಥಾಲಯ

ಕುದುರೆ ನಿಂತಿದ್ದ ಚೌಕದ ಎದುರಿಗೇ ಹಳದಿ ಕಲ್ಲಿನ ಕಮಾನುಗಳ ಡೇವಿಡ್ ಸಸೂನ್ ಗ್ರಂಥಾಲಯವಿದೆ. ಇದರ ಹುಟ್ಟು ನನ್ನಂಥ ನೌಕರರಿಗೆ ಹೆಮ್ಮೆ ತರುವಂಥದು. 1847ರಲ್ಲಿ ಸರಕಾರಿ ಟಂಕಸಾಲೆ ಮತ್ತು ಹಡಗುಕಟ್ಟೆಯಲ್ಲಿ ದುಡಿಯುತ್ತಿದ್ದ ಕೆಲವು ಯುವಕ ಮೆಕ್ಯಾನಿಕರು, ಫೋರ್ಮನ್ನರು ಸೇರಿ ಯಂತ್ರಗಳ ಮಾದರಿಗಳನ್ನಿಡಲು, ಉಪನ್ಯಾಸ ಕೇಳಲು ಒಂದು ಸಂಸ್ಥೆ ಕಟ್ಟಿಕೊಂಡರು. ಮೆಕ್ಯಾನಿಕ್ಸ್ ಇನ್‌ಸ್ಟಿಟ್ಯೂಟ್ ಎಂದು ಅದರ ಹೆಸರು. ಅದಕ್ಕೆ ಸ್ವಂತ ಕಟ್ಟಡ ಬೇಕೆಂದಾಗ ಡೇವಿಡ್ ಸಸೂನ್ 60,000 ರೂಪಾಯಿ ಕೊಟ್ಟ. ಒಟ್ಟು ಖರ್ಚು 1,25,000 ರೂಪಾಯಿ, ಉಳಿದದ್ದನ್ನು ಸರಕಾರ ಭರಿಸಿತು. ಕಟ್ಟಡ 1870ರಲ್ಲಿ ಮುಗಿಯಿತು. ಆದರೆ ಸಸೂನ್ 1864ರಲ್ಲೇ ಪುಣೆಯಲ್ಲಿ ತೀರಿಕೊಂಡಿದ್ದ. ಒಳಗೆ ಅವನ ಅಮೃತಶಿಲೆಯ ಪ್ರತಿಮೆಯಿದೆ, ಥಾಮಸ್ ವುಲ್ನರ್ ಕಡೆದದ್ದು.

ಡೇವಿಡ್ ಸಸೂನ್ ಬಾಗ್ದಾದಿನ ಯಹೂದಿ. ಅಲ್ಲಿಯ ಆಳರಸರ ಕಿರುಕುಳ ತಾಳಲಾರದೆ ಊರು ಬಿಟ್ಟು 1832ರ ಸುಮಾರಿಗೆ ಮುಂಬಯಿಗೆ ಬಂದವನು. ಕುದುರೆ ಮಾಡಿಸಿದ ಆಲ್ಬರ್ಟ್ ಅವನ ಹಿರಿಯ ಮಗ. ಚೌಕದ ಹಿಂದಿನ ಬೀದಿಯಲ್ಲಿ ನೀಲಿ ಬಣ್ಣ ಬಳಿದ ಕೆನೆಸೆತ್ ಎಲಿಯಾಹೂ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ಅದನ್ನು 1884ರಲ್ಲಿ ಕಟ್ಟಿಸಿದ ಜೇಕಬ್ ಸಸೂನ್ ಇದೇ ಮನೆತನದವನು. ಊರು ಬಿಟ್ಟು ಬಂದವರು ಬಂದ ಊರಿನಲ್ಲಿ ಮೊದಲು ದೇವರ ಮನೆ, ಆಮೇಲೆ ಓದುವ ಮನೆ ಕಟ್ಟಿಕೊಳ್ಳುತ್ತಾರೆ. ನಮ್ಮವರು ಮುಂಬಯಿಯಲ್ಲಿ ಭಜನಾ ಮಂದಿರ ಕಟ್ಟಿದರು, ಕೋಟೆಯ ಸುತ್ತಮುತ್ತ ಕನ್ನಡ ರಾತ್ರಿ ಶಾಲೆ ನಡೆಸಿದರು. ಅಳತೆ ಬೇರೆ, ಹಂಬಲ ಒಂದೇ. ಹಗಲಿಡೀ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ತೂಕಡಿಸುತ್ತ ಕಲಿತ ಹುಡುಗರಲ್ಲಿ ನನ್ನ ತಂದೆಯೂ ಒಬ್ಬರು.

ಗ್ರಂಥಾಲಯದ ಪಕ್ಕದ್ದೇ ಎಲ್ಫಿನ್‌ಸ್ಟನ್ ಕಾಲೇಜು. ಕಟ್ಟಡ ಪೂರ್ಣವಾದದ್ದು 1888ರಲ್ಲಿ. ಡಾ. ಅಂಬೇಡ್ಕರರು ಈ ಕಾಲೇಜಿನ ವಿದ್ಯಾರ್ಥಿಯಾಗಿ 1912ರಲ್ಲಿ ಬಿ.ಎ. ಪದವಿ ಪಡೆದರು. ಮೆಟ್ಟಿಲ ಬಳಿ ಮಕ್ಕಳನ್ನು ಒಂದು ನಿಮಿಷ ನಿಲ್ಲಿಸಿ ಈ ಮಾತು ಹೇಳಬೇಕು. ಇದೇ ಕಟ್ಟಡದಲ್ಲಿ ಮಹಾರಾಷ್ಟ್ರದ ರಾಜ್ಯ ಪತ್ರಾಗಾರವೂ ನೆಲೆಸಿದೆ. ಬೆಳಗಾವಿ, ಧಾರವಾಡ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದುದರಿಂದ ಆ ಭಾಗದ ಇತಿಹಾಸ ಬರೆಯುವವರು ಮುಂಬಯಿ ಪ್ರಾಂತದ ಹಳೆಯ ಕಾಗದಪತ್ರಗಳನ್ನು ನೋಡದೆ ಗತಿಯಿಲ್ಲ.

ತುಸು ಮುಂದೆ ವಾಟ್ಸನ್ ಹೋಟೆಲಿನ ಕಟ್ಟಡ. 1860ರ ದಶಕದಲ್ಲಿ ಇದರ ಬೀಡುಕಬ್ಬಿಣದ ಚೌಕಟ್ಟನ್ನು ಇಂಗ್ಲೆಂಡಿನಲ್ಲಿ ಎರಕ ಹೊಯ್ದು, ಬಿಡಿಬಿಡಿಯಾಗಿ ಹಡಗಿನಲ್ಲಿ ತಂದು ಇಲ್ಲಿ ಜೋಡಿಸಿದರು. ಗೋಡೆ ಭಾರ ಹೊರುವುದಿಲ್ಲ, ಕಬ್ಬಿಣದ ಹಂದರವೇ ಹೊರುತ್ತದೆ. ಇಂದಿನ ಗಗನಚುಂಬಿಗಳ ತತ್ತ್ವವೂ ಇದೇ. 1896ರ ಜುಲೈ 7ರಂದು ಲ್ಯೂಮಿಯೇರ್ ಸಹೋದರರ ಆರು ಚಲಿಸುವ ಚಿತ್ರಗಳನ್ನು ಇಲ್ಲಿ ತೋರಿಸಿದರು. ಟಿಕೀಟು ಒಂದು ರೂಪಾಯಿ. ಭಾರತದಲ್ಲಿ ಸಿನಿಮಾ ಹುಟ್ಟಿದ್ದು ಆ ಸಂಜೆ. 2005ರಲ್ಲಿ ಕಟ್ಟಡದ ಒಂದು ಭಾಗ ಕುಸಿದುಬಿತ್ತು. ಜಗತ್ತಿನ 100 ಅಪಾಯಗ್ರಸ್ತ ಸ್ಮಾರಕಗಳ ಪಟ್ಟಿಯಲ್ಲಿ ಇದರ ಹೆಸರೂ ಸೇರಿತು. ಸಿನಿಮಾ ಎಂದರೆ ಪ್ರಾಣ ಬಿಡುವ ನಾವು ಸಿನಿಮಾದ ತೊಟ್ಟಿಲನ್ನು ಹೀಗೆ ಇಟ್ಟುಕೊಂಡಿದ್ದೇವೆ.

ಬಿಜಾಪುರದ ಕಮಾನು, ಐಹೊಳೆಯ ಬ್ರಹ್ಮ

ರಸ್ತೆ ದಾಟಿದರೆ ವಸ್ತುಸಂಗ್ರಹಾಲಯ. ಹಿರಿಯರ ಬಾಯಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಮ್ಯೂಜಿಯಂ, 1998ರಿಂದ ಛತ್ರಪತಿ ಶಿವಾಜಿ ಮಹಾರಾಜ್ ವಸ್ತು ಸಂಗ್ರಹಾಲಯ. 1905ರಲ್ಲಿ ಆಗಿನ ಯುವರಾಜ, ಮುಂದೆ ಐದನೆಯ ಜಾರ್ಜ್ ಆದವನು, ಅಡಿಗಲ್ಲಿಟ್ಟ. 1909ರ ಸ್ಪರ್ಧೆಯಲ್ಲಿ ಗೆದ್ದ ವಾಸ್ತುಶಿಲ್ಪಿ ಜಾರ್ಜ್ ವಿಟೆಟ್. ಸ್ಕಾಟ್ಲೆಂಡಿನಿಂದ ಬಂದು ಇಲ್ಲೇ ದುಡಿದು, 1926ರಲ್ಲಿ ಇಲ್ಲೇ ತೀರಿಕೊಂಡವನು. ಗೇಟ್‌ವೇ ಆಫ್ ಇಂಡಿಯಾದ ವಿನ್ಯಾಸವೂ ಅವನದೇ. ಕಟ್ಟಡ 1914ರಲ್ಲಿ ಸಿದ್ಧವಾಯಿತು. ಅಷ್ಟರಲ್ಲಿ ಮಹಾಯುದ್ಧ ಹತ್ತಿಕೊಂಡಿತು. ವಿಗ್ರಹಗಳು ಬರಬೇಕಾದ ಪಡಸಾಲೆಗಳಿಗೆ ಗಾಯಾಳು ಸೈನಿಕರು ಬಂದರು. ಆಸ್ಪತ್ರೆಯಾಗಿ ದುಡಿದ ಮೇಲೆ, 1922ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು.

ಕನ್ನಡಿಗರು ಇಲ್ಲಿ ಎರಡು ಕಡೆ ನಿಲ್ಲಬೇಕು. ಮೊದಲನೆಯದು ನಡುವಣ ಹಜಾರ. ಅಲ್ಲಿ ನಿಂತು ತಲೆ ಎತ್ತಿ ನೋಡಿ. ಗುಮ್ಮಟದ ಹೊರರೂಪಕ್ಕೆ ವಿಟೆಟ್ ಗೋಲ್ಕೊಂಡವನ್ನು ನೆನೆದ. ಒಳಗೆ ಗುಮ್ಮಟವನ್ನು ಹೊರುವ ಕಮಾನುಗಳಿಗೆ ಬಿಜಾಪುರದ ಗೋಲಗುಮ್ಮಟವನ್ನು ಮಾದರಿಯಾಗಿ ಹಿಡಿದ. ವಿಜ್ಞಾನ ಓದಿದವನಾದ್ದರಿಂದ ಇದರ ಗುಟ್ಟನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಕೋಣೆ ಚೌಕ, ಗುಮ್ಮಟ ದುಂಡಗೆ. ಚೌಕದ ಮೇಲೆ ದುಂಡನ್ನು ಕೂರಿಸುವುದು ಹೇಗೆ? ಒಂದು ಚೌಕದ ಮೇಲೆ ಇನ್ನೊಂದು ಚೌಕವನ್ನು 45 ಅಂಶ ತಿರುಗಿಸಿ ಇಟ್ಟಂತೆ ಕಮಾನುಗಳನ್ನು ಒಂದಕ್ಕೊಂದು ಹೆಣೆದರೆ ನಡುವೆ ಎಂಟು ಮೂಲೆಯ ಆಕೃತಿ ಏಳುತ್ತದೆ. ಎಂಟು ಮೂಲೆ ದುಂಡಿಗೆ ಹತ್ತಿರ. ಗುಮ್ಮಟ ಅದರ ಮೇಲೆ ನಿರಾಳವಾಗಿ ಕುಳಿತು, ಭಾರ ಕಮಾನುಗಳ ಮೂಲಕ ಗೋಡೆಗಿಳಿಯುತ್ತದೆ. ಮುಹಮ್ಮದ್ ಆದಿಲ್‌ಶಾಹನ ಗೋರಿಗಾಗಿ ಹದಿನೇಳನೆಯ ಶತಮಾನದಲ್ಲಿ ಬಿಜಾಪುರದ ಕುಶಲಿಗಳು ಬಿಡಿಸಿದ ಲೆಕ್ಕ ಇದು. ಇನ್ನೂರೈವತ್ತು ವರ್ಷದ ಮೇಲೆ ಸ್ಕಾಟ್ಲೆಂಡಿನವನೊಬ್ಬ ಅದಕ್ಕೆ ಶರಣಾದ.

ಎರಡನೆಯದು ಶಿಲ್ಪಗಳ ವಿಭಾಗ. ಐಹೊಳೆಯ ಗುಡಿಯೊಂದರ ಚಾವಣಿಯಿಂದ ಬಂದ ಬ್ರಹ್ಮನ ಶಿಲೆ ಅಲ್ಲಿದೆ, ಚಾಲುಕ್ಯರ ಕಾಲದ್ದು. ಬಿಜಾಪುರ ಜಿಲ್ಲೆ ಮುಂಬಯಿ ಪ್ರಾಂತದಲ್ಲಿದ್ದ ಕಾಲದ ನೆನಪು ಅದು. ಆ ಶಿಲೆಯನ್ನು ನೋಡುತ್ತ ನನಗೊಂದು ವಿಚಿತ್ರ ಭಾವನೆ ಬಂತು. ಮಲಪ್ರಭೆಯ ದಂಡೆಯ ಗುಡಿಯಲ್ಲಿ ಭಕ್ತರು ಕತ್ತೆತ್ತಿ ನೋಡಬೇಕಾದ ದೇವರು ಇಲ್ಲಿ ನಮ್ಮ ಕಣ್ಣೆದುರಿಗೇ ಇಳಿದು ನಿಂತಿದ್ದಾನೆ. ಪೂಜೆಯಿಲ್ಲ, ಆದರೆ ನೋಡುವವರಿದ್ದಾರೆ. 'ಇವನೂ ನಮ್ಮ ಹಾಗೆ ಊರು ಬಿಟ್ಟು ಬಂದವನೇ' ಎಂದೆ. 'ಅವನಿಗೆ ಲೋಕಲ್ ಗಾಡಿ ಇಲ್ಲವಲ್ಲ ಅಪ್ಪಾ, ಸುಖಿ' ಎಂದಳು ಮಗಳು.

ಕಟ್ಟಿಂಗೇರಿಯಿಂದ ಬಂದವರು

ಸಂಗ್ರಹಾಲಯದ ಆವರಣಕ್ಕೆ ಹತ್ತಿಕೊಂಡೇ ಜಹಾಂಗೀರ್ ಆರ್ಟ್ ಗ್ಯಾಲರಿ. ಈ ಲೇಖನ ಬರೆಯಲು ನನಗೆ ಮುಖ್ಯ ಕಾರಣವೇ ಈ ಕಟ್ಟಡ.

1940ರ ದಶಕದ ಮುಂಬಯಿಯಲ್ಲಿ ಚಿತ್ರಕಾರರಿಗೆ ಕೊರತೆಯಿರಲಿಲ್ಲ. ಚಿತ್ರ ತೂಗುಹಾಕಲು ಗೋಡೆಯ ಕೊರತೆಯಿತ್ತು. 1947ರಲ್ಲಿ ಸೂಜಾ, ರಝಾ, ಹುಸೇನ್, ಆರಾ, ಗಾಡೆ, ಬಾಕ್ರೆ ಎಂಬ ಆರು ಮಂದಿ ಸೇರಿ ಪ್ರಗತಿಶೀಲ ಕಲಾವಿದರ ಬಳಗ ಕಟ್ಟಿದರು. ಸೂಜಾ ಗೋವೆಯವರು, ರಝಾ ಮಧ್ಯಪ್ರದೇಶದ ಕಡೆಯವರು, ಹುಸೇನ್ ಪಂಢರಪುರದಲ್ಲಿ ಹುಟ್ಟಿ ಮುಂಬಯಿಯಲ್ಲಿ ಸಿನಿಮಾ ಫಲಕ ಬರೆದು ಹೊಟ್ಟೆ ಹೊರೆದವರು. ಆರಾ ಹೈದರಾಬಾದಿನ ಬಳಿಯ ಬೊಲಾರಮ್ಮಿನಿಂದ ಎಳೆತನದಲ್ಲೇ ಓಡಿಬಂದು ಮನೆಗೆಲಸ ಮಾಡಿ, ಕಾರು ತೊಳೆದು ಚಿತ್ರ ಬರೆದವರು. ಇವರ ಚಿತ್ರಗಳನ್ನು ಮೊದಲು ಗುರುತಿಸಿ ಬೆಂಬಲಿಸಿದವರಲ್ಲಿ ಲಾಂಗ್‌ಹ್ಯಾಮರ್, ಲೇಡನ್ ಎಂಬ ಯುರೋಪಿಯನ್ನರಿದ್ದರು. ಅವರೂ ಹಿಟ್ಲರನ ಕಾಟಕ್ಕೆ ಊರು ಬಿಟ್ಟು ಬಂದವರೇ.

ಇದೇ ಕಾಲದಲ್ಲಿ ಮುಂಬಯಿಯಲ್ಲಿ ಹೆಸರಾಗಿದ್ದ ಕಲಾವಿದ ನಮ್ಮ ಕೆ.ಕೆ. ಹೆಬ್ಬಾರರು. 1911ರಲ್ಲಿ ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ ಹುಟ್ಟಿದರು. ಮುಂಬಯಿಗೆ ಬಂದು ಜೆ.ಜೆ. ಕಲಾಶಾಲೆಯಲ್ಲಿ ಕಲಿತು 1938ರಲ್ಲಿ ಡಿಪ್ಲೊಮಾ ಪಡೆದು, 1940ರಿಂದ 1945ರವರೆಗೆ ಅಲ್ಲೇ ಕಲಿಸಿದರು. ಮುಂದೆ ಪ್ಯಾರಿಸಿನಲ್ಲಿ ಅಭ್ಯಾಸ ಮಾಡಿ ಮರಳಿದರು. ರೇಖೆಯ ಲಯ ಅರಿಯಲೆಂದು ಕಥಕ್ ನೃತ್ಯವನ್ನೇ ಕಲಿತರು. ಅವರ ರೇಖಾಚಿತ್ರಗಳ ಪುಸ್ತಕಕ್ಕೆ 'ಹಾಡುವ ರೇಖೆ' ಎಂಬ ಅರ್ಥದ ಇಂಗ್ಲಿಷ್ ಹೆಸರಿರುವುದು ಸುಮ್ಮನೆ ಅಲ್ಲ. ಪ್ಯಾರಿಸ್ ಕಂಡರೂ ಅವರ ಬಣ್ಣಗಳಿಂದ ನಮ್ಮ ಕರಾವಳಿ ಅಳಿಯಲಿಲ್ಲ. ನಾಗಮಂಡಲ, ಯಕ್ಷಗಾನ, ಕೋಳಿ ಅಂಕ ಅವರ ಕುಂಚಕ್ಕೆ ಮತ್ತೆಮತ್ತೆ ಮರಳಿದವು. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಬಂದವು. 1996ರಲ್ಲಿ ಮುಂಬಯಿಯಲ್ಲೇ ತೀರಿಕೊಂಡರು.

ಈ ಹೆಬ್ಬಾರರೂ ವಿಜ್ಞಾನಿ ಹೋಮಿ ಭಾಭಾ ಅವರೂ ಒತ್ತಾಯಿಸಿದ್ದರಿಂದ ಸರ್ ಕಾವಸ್‌ಜಿ ಜಹಾಂಗೀರ್ ಕಲಾವಿದರಿಗಾಗಿ ಒಂದು ಗ್ಯಾಲರಿ ಕಟ್ಟಿಸಿಕೊಡಲು ಒಪ್ಪಿದರು. ತೀರಿಹೋದ ಮಗ ಜಹಾಂಗೀರನ ನೆನಪಿಗಾಗಿ ಇಡೀ ಖರ್ಚನ್ನು ಅವರೇ ಕೊಟ್ಟರು. 1952ರಲ್ಲಿ ಗ್ಯಾಲರಿ ತೆರೆಯಿತು. ಭಾಭಾ ಕೂಡ ಚಿತ್ರ ಬರೆಯುತ್ತಿದ್ದರು, ಯುದ್ಧಕಾಲದಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಕೆಲಸ ಮಾಡಿದ್ದರು. ಕಟ್ಟಿಂಗೇರಿಯ ಒಬ್ಬ ಚಿತ್ರಕಾರ, ಒಬ್ಬ ಪರಮಾಣು ವಿಜ್ಞಾನಿ, ಒಬ್ಬ ಪಾರಸಿ ದಾನಿ ಸೇರಿದ್ದರಿಂದ ದೇಶದ ಅಸಂಖ್ಯ ಕಲಾವಿದರಿಗೆ ಒಂದು ಗೋಡೆ ಸಿಕ್ಕಿತು. 'ಕೆ.ಕೆ.' ಎಂಬ ಎರಡಕ್ಷರದಲ್ಲಿ ಮೊದಲ 'ಕೆ' ಕಟ್ಟಿಂಗೇರಿ ಎಂಬುದನ್ನು ಮಕ್ಕಳಿಗೆ ಹೇಳಿ. ಊರು ಬಿಟ್ಟವರು ಊರನ್ನು ಹೆಸರಿನ ಮೊದಲಿಗೇ ಕಟ್ಟಿಕೊಂಡು ಹೋಗುವುದು ನಮ್ಮ ಪದ್ಧತಿ. ಕುದುರೆ ಹೋದ ಮೇಲೂ ಉಳಿದ ಹೆಸರಿನ ಹಾಗೆ.

ಈಗ ಅಪ್ಪನ ಕತೆಯ ಉಳಿದ ಭಾಗ. ಕುದುರೆ ಸಿಗದಿದ್ದರೂ ದಾರಿ ಬೇಗ ಪರಿಚಯವಾಯಿತು. ಗ್ಯಾಲರಿಯ ಆಸುಪಾಸಿನ ಕಚೇರಿಗಳಿಗೆ ವರ್ಷಗಟ್ಟಲೆ ಚಹ ಒಯ್ದರು. ಬಾಗಿಲಿನ ಗಾಜಿನಿಂದ ಒಳಗಿನ ಬಣ್ಣಗಳು ಕಾಣುತ್ತಿದ್ದವಂತೆ. ಒಮ್ಮೆ ಊರಿನ ಕೋಳಿ ಅಂಕದಂಥದೇ ಒಂದು ಚಿತ್ರ ಕಂಡು ಖಾಲಿ ಕೆಟಲು ಹಿಡಿದು ಬಹಳ ಹೊತ್ತು ನಿಂತಿದ್ದರಂತೆ. ಯಾರ ಚಿತ್ರವೆಂದು ಅವರಿಗೆ ಗೊತ್ತಿರಲಿಲ್ಲ. 'ಒಳಗೆ ಹೋಗಲಿಲ್ಲವೇ?' ಎಂದು ಚಿಕ್ಕಂದಿನಲ್ಲಿ ನಾನು ಕೇಳಿದ್ದೆ. 'ಅದ್ ದೊಡ್ಡೋರ್ ಜಾಗ ಮಗಾ. ಟಿಕೀಟ್ ಎಷ್ಟಿತ್ತೋ ಏನೋ' ಎಂದಿದ್ದರು. ರಾತ್ರಿ ಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿದರು, ಅದೇ ಹೋಟೆಲಿನ ಗಲ್ಲಾದ ಮೇಲೆ ಕುಳಿತರು, ನನ್ನನ್ನು ಪದವಿಯವರೆಗೆ ಓದಿಸಿದರು. 2014ರಲ್ಲಿ ತೀರಿಕೊಂಡರು. ಗ್ಯಾಲರಿಯ ಮೆಟ್ಟಿಲನ್ನು ಒಮ್ಮೆಯೂ ಹತ್ತಲಿಲ್ಲ.

ಮಗಳ ಜತೆ ನಾನು ಮೊದಲ ಬಾರಿಗೆ ಆ ಮೆಟ್ಟಿಲು ಹತ್ತಿದಾಗ ನನ್ನ ಕೈ ತಾನಾಗಿ ಕಿಸೆಗೆ ಹೋಯಿತು. ಬಾಗಿಲಲ್ಲಿ ಕುಳಿತಿದ್ದ ಕಾವಲುಗಾರನನ್ನು 'ಟಿಕೀಟು ಎಲ್ಲಿ?' ಎಂದು ಕೇಳಿದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಟಿಕೀಟೇ ಇಲ್ಲ, ಒಳಗೆ ಹೋಗಿ' ಎಂದ. ಆ ಗ್ಯಾಲರಿಗೆ ಪ್ರವೇಶ ಎಲ್ಲರಿಗೂ ಪುಕ್ಕಟೆ. ಹೊಟ್ಟೆಯಲ್ಲಿ ಏನೋ ಕಲಸಿದಂತಾಯಿತು. ನಮ್ಮ ಊರಿನ ಪಕ್ಕದವರೇ ದುಂಬಾಲು ಬಿದ್ದು ಕಟ್ಟಿಸಿದ ಮನೆಯ ಬಾಗಿಲಲ್ಲಿ, ನಮ್ಮದೇ ಊರಿನ ಕೋಳಿ ಅಂಕವನ್ನು ನೋಡುತ್ತ, ಒಳಗೆ ಬರಬಹುದೆಂದು ಹೇಳುವವರಿಲ್ಲದೆ ಅಪ್ಪ ಹೊರಗೇ ನಿಂತರು. ಯಾರೂ ತಡೆದಿರಲಿಲ್ಲ. ತಡೆದದ್ದು ನಮ್ಮೊಳಗಿನ ಅಂಜಿಕೆ. ಅದೇ ಅಂಜಿಕೆಯಿಂದ ಪದವೀಧರನಾದ ನಾನೂ ಹದಿನೇಳು ವರ್ಷ ಹೊರಗಿನಿಂದಲೇ ಹೋದೆ.

ಹೋದವು, ಬಂದವು

ಈ ಬೀದಿಯಿಂದ ಕಳೆದುಹೋದವೂ ಹಲವು. ಗ್ಯಾಲರಿಯೊಳಗಿನ ಸಮೋವರ್ ಎಂಬ ಉಪಾಹಾರಗೃಹ 1964ರಿಂದ ಕಲಾವಿದರ ಹರಟೆಕಟ್ಟೆಯಾಗಿದ್ದು 2015ರಲ್ಲಿ ಮುಚ್ಚಿತು. ಚೌಕದಲ್ಲಿದ್ದ ರಿದಮ್ ಹೌಸ್ ಎಂಬ ಧ್ವನಿಮುದ್ರಿಕೆಗಳ ಅಂಗಡಿ 2016ರಲ್ಲಿ ಬಾಗಿಲೆಳೆಯಿತು. ವೇಸೈಡ್ ಇನ್ ಎಂಬ ಹೋಟೆಲೂ ಇಲ್ಲ. ಅದರ ಕಿಟಕಿಯ ಪಕ್ಕ ಕುಳಿತು ಹೊರಗಿನ ಜನರನ್ನು ನೋಡುತ್ತಿದ್ದ ಕವಿ ಅರುಣ್ ಕೊಲಟ್ಕರರು ಕಾಲಾ ಘೋಡಾದ ಮೇಲೆ ಒಂದು ಇಡೀ ಕವನಸಂಕಲನವನ್ನೇ ಬರೆದರು. ಅವರು ತೀರಿಕೊಂಡ 2004ರಲ್ಲೇ ಅದು ಪ್ರಕಟವಾಯಿತು. ಅದರಲ್ಲಿ ಅರಸರಿಲ್ಲ. ಕಸ ಗುಡಿಸುವವರು, ಬೀದಿಯ ನಾಯಿ, ಬೆಳಗ್ಗೆ ಬಡವರಿಗೆ ಇಡ್ಲಿ ಮಾರುವ ಹೆಂಗಸು ಇದ್ದಾರೆ. ನಮ್ಮ ಇಡ್ಲಿಗೆ ಕಾಲಾ ಘೋಡಾದ ಕಾವ್ಯದಲ್ಲಿ ಸ್ಥಾನ ಸಿಕ್ಕಿದೆ!

ಬಂದವೂ ಇವೆ. 1911ರಲ್ಲಿ ಕಟ್ಟಿದ ಕಾವಸ್‌ಜಿ ಜಹಾಂಗೀರ್ ಸಭಾಂಗಣ 1996ರಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯವಾಯಿತು. 1999ರಲ್ಲಿ ಕಾಲಾ ಘೋಡಾ ಕಲಾ ಉತ್ಸವ ಆರಂಭವಾಯಿತು. 2017ರಲ್ಲಿ ಹೊಸ ಕುದುರೆಯೇ ಬಂತು. ಅದೂ ಕಪ್ಪು, ಆದರೆ ಬೆನ್ನ ಮೇಲೆ ಸವಾರನಿಲ್ಲ. ನೂರಾ ನಲವತ್ತು ವರ್ಷದ ಹಿಂದೆ ಬೀದಿಯ ಜನ ಕೊಟ್ಟ ತೀರ್ಪನ್ನು ಕೊನೆಗೂ ಕಂಚಿನಲ್ಲಿ ಬರೆದಂತಾಯಿತು. 2018ರಲ್ಲಿ ಯುನೆಸ್ಕೋ ಈ ಭಾಗದ ಕಟ್ಟಡಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಪ್ಪ ಇದ್ದಿದ್ದರೆ ಹೊಸ ಕುದುರೆಯ ಬಳಿ ನಿಲ್ಲಿಸಿ, 'ಇಗೋ, ಈಗ ಚಹ ಕೊಟ್ಟು ಬನ್ನಿ' ಎಂದು ತಮಾಷೆ ಮಾಡುತ್ತಿದ್ದೆ.

ಪ್ರವಾಸದ ಯೋಜನೆ

ಇಷ್ಟು ಓದಿದ ಮೇಲೆ ಸಮಿತಿಯವರು ಒಪ್ಪಿದರೆ ನನ್ನ ಸೂಚನೆ ಹೀಗಿದೆ. ಡಿಸೆಂಬರ್ ಅಥವಾ ಜನವರಿಯ ಒಂದು ಶನಿವಾರ ಹೋಗೋಣ. ಉತ್ಸವದ ಒಂಬತ್ತು ದಿನ ಬಣ್ಣ ಹೆಚ್ಚು, ಜನಜಂಗುಳಿ ಅದಕ್ಕಿಂತ ಹೆಚ್ಚು. ಮಕ್ಕಳೂ ಹಿರಿಯರೂ ಇರುವ ಗುಂಪಿಗೆ ಅದು ಹೇಳಿದ್ದಲ್ಲ. ಸೋಮವಾರವಂತೂ ಬೇಡ, ಆಧುನಿಕ ಕಲಾ ಸಂಗ್ರಹಾಲಯಕ್ಕೆ ಅಂದು ರಜೆ.

ಚರ್ಚ್‌ಗೇಟಿನಲ್ಲಿ ಇಳಿದು ಓವಲ್ ಮೈದಾನದ ನಡುವಿನ ದಾರಿಯಲ್ಲಿ ನಡೆಯೋಣ. ಎದುರಿಗೆ 280 ಅಡಿಯ ರಾಜಾಬಾಯಿ ಗೋಪುರ, ಅದರ ಬುಡದಲ್ಲಿ ವಿಶ್ವವಿದ್ಯಾಲಯ. ಧಾರವಾಡದಲ್ಲಿ ವಿಶ್ವವಿದ್ಯಾಲಯವಾಗುವವರೆಗೆ ಉತ್ತರ ಕರ್ನಾಟಕದ ಪದವೀಧರರಿಗೆಲ್ಲ ಅದೇ ತವರು. ಮುಂದೆ ವಾಟ್ಸನ್ ಕಟ್ಟಡ, ಗ್ರಂಥಾಲಯ, ಎಲ್ಫಿನ್‌ಸ್ಟನ್ ಕಾಲೇಜುಗಳನ್ನು ಹೊರಗಿನಿಂದ ನೋಡುತ್ತ, ಬಿಸಿಲೇರುವ ಮೊದಲೇ ವಸ್ತುಸಂಗ್ರಹಾಲಯ ಸೇರಬೇಕು. ಅಲ್ಲಿ ಎಲ್ಲವನ್ನೂ ನೋಡುವ ಆಸೆ ಬೇಡ. ಕಮಾನು, ಐಹೊಳೆಯ ಬ್ರಹ್ಮ, ಚಿಕಣಿ ಚಿತ್ರಗಳು, ಇಷ್ಟಾದರೆ ಸಾಕು. ಮಧ್ಯಾಹ್ನ ಬುತ್ತಿ ಬಿಚ್ಚಿ, ವಿಶ್ರಾಂತಿಯ ನಂತರ ಗ್ಯಾಲರಿ. ಹೊರಗಿನ ಕಾಲುದಾರಿಯ ಮೇಲೆ ಚಿತ್ರ ಹರವಿಕೊಂಡು ಕುಳಿತ ಕಲಾವಿದರ ಜತೆ ಮಕ್ಕಳು ಮಾತಾಡಲಿ. ಕೊನೆಗೆ ನೀಲಿ ಮಂದಿರದ ಬೀದಿಯಲ್ಲೊಂದು ಸುತ್ತು, ಹೊಸ ಕುದುರೆಯ ಮುಂದೆ ಗುಂಪಿನ ಫೋಟೋ. ಹಳೆಯ ಕುದುರೆಯನ್ನು ನೋಡಲು ಇನ್ನೊಂದು ಭಾನುವಾರ ರಾಣೀಬಾಗಿಗೆ ಹೋಗಬಹುದು. ಘಾರಾಪುರಿಯಿಂದ ತಂದ ಕಲ್ಲಾನೆಯೂ ಅಲ್ಲೇ ಇದೆ.

ನನ್ನದು ಒಂದೇ ವಿನಂತಿ. ನಮ್ಮಲ್ಲಿ ಹಲವರ ಮನೆಯಲ್ಲಿ ಕೋಟೆಯ ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ, ಕಚೇರಿಗಳಲ್ಲಿ ಆಯುಷ್ಯ ಸವೆಸಿದ ಹಿರಿಯರಿದ್ದಾರೆ. ಮಕ್ಕಳ ಜತೆ ಅವರನ್ನೂ ಕರೆತನ್ನಿ. ಮಂಡಿನೋವು, ಮೆಟ್ಟಿಲು ಎಂದು ಬಿಟ್ಟುಬರಬೇಡಿ. ನಿಧಾನವಾಗಿ ನಡೆಯೋಣ, ಅವಸರವೇನಿಲ್ಲ. ಗ್ಯಾಲರಿಯ ಬಾಗಿಲಲ್ಲಿ ಅವರು ಅನುಮಾನದಿಂದ ನಿಂತರೆ ಕೈಹಿಡಿದು, 'ಬನ್ನಿ, ಟಿಕೀಟಿಲ್ಲ' ಎಂದು ಹೇಳುವ ಕೆಲಸ ನನಗಿರಲಿ.